ಎಪ್ಪತ್ತನಾಲ್ಕು ಕಿಲೋಮೀಟರ್ ಕಡಿಮೆ

ಕಾಣೆಯಾದ ಮನುಷ್ಯನ ಬೈಕಿನ ಮುಂದೆ ಹಲ್ಲಿನ ಡಾಕ್ಟರು ಕುಕ್ಕರಗಾಲಲ್ಲಿ ಕೂತು, ಮೀಟರಿಗೆ ಮೂಗು ತಾಗುವ ಹಾಗೆ ಬಗ್ಗಿ ಏನನ್ನೋ ಬರೆದುಕೊಳ್ಳುತ್ತಿದ್ದರು. ಅದನ್ನು ಕಂಡದ್ದೇ ತಡ, ಇನ್ಸ್‌ಪೆಕ್ಟರಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಬೈಕಿನ ಸುತ್ತ ಹಗ್ಗ ಕಟ್ಟಿಸಿದ್ದವಳು ಅವಳೇ. ಯಾರೂ ಹತ್ತಿರ ಸುಳಿಯಕೂಡದೆಂದು ಮೂರು ಸಲ ಹೇಳಿದ್ದಳು. ಆದರೆ ಈ ಠಾಣೆಯಲ್ಲಿ ಅವಳ ಮಾತು ನಡೆಯುವ ಹಾಗಿದ್ದರೆ ಅವಳ ಕೋಣೆಯ ಫ್ಯಾನು ಎಂದೋ ರಿಪೇರಿಯಾಗಿರುತ್ತಿತ್ತು.

"ಮುಟ್ಟಿಲ್ಲ ಮೇಡಂ, ನೋಡ್ತಿದೀನಿ ಅಷ್ಟೆ," ಎಂದರು ಡಾಕ್ಟರು, ಏಳದೆಯೇ.

ರಟ್ಟೆ ಹಿಡಿದು ಎಬ್ಬಿಸುವುದೊಂದು ಬಾಕಿ. ಮೂರು ದಿನದಿಂದ ಮರಳುಗಾಡನ್ನು ಜಾಲಾಡಿ ಅವಳ ಕಿವಿಯೊಳಗೆ, ಬೂಟಿನೊಳಗೆ, ಊಟದ ಡಬ್ಬಿಯೊಳಗೆ ಮರಳು ತುಂಬಿತ್ತು. ಸಿಕ್ಕಿದ್ದು ಮಾತ್ರ ಸೊನ್ನೆ.

ನಾಲ್ಕು ಬೈಕು, ಅದರಲ್ಲೊಂದು ಈ ಡಾಕ್ಟರದು, ಜೊತೆಗೆ ಸಾಮಾನು ಹೊತ್ತ ಒಂದು ಪಿಕಪ್ಪು. ಹತ್ತೊಂಬತ್ತು ದಿನ ಬೆಟ್ಟ ಸುತ್ತಿ, ಕೊನೆಯ ಘಾಟಿ ಇಳಿದು ಮರಳುಗಾಡಿನ ಅಂಚಿನ ವಸತಿಗೃಹ ಸೇರುವ ಹೊತ್ತಿಗೆ ಬೈಕು ಮೂರೇ ಇದ್ದವು. ನಾಲ್ಕನೆಯದು ಮರುದಿನ ಒಂಬತ್ತನೇ ಮೈಲಿಗಲ್ಲಿನ ಬಳಿ, ರಸ್ತೆಯ ಪಕ್ಕ ನಿಂತಿತ್ತು. ಕೀಲಿ ಬೈಕಿನಲ್ಲೇ ಇತ್ತು, ಹೆಲ್ಮೆಟ್ಟು ಹ್ಯಾಂಡಲಿಗೆ ತೂಗುತ್ತಿತ್ತು. ಸವಾರನಿಲ್ಲ, ಹೆಜ್ಜೆ ಗುರುತೂ ಇಲ್ಲ.

ಆ ಸವಾರ ಲಿಫ್ಟ್ ರಿಪೇರಿ ಮಾಡುವವನು. ಯಾವಾಗಲೂ ಸಾಲಿನ ಕಟ್ಟಕಡೆಗೆ ಬರುವವನಾದ್ದರಿಂದ ಗೆಳೆಯರೆಲ್ಲ ಅವನನ್ನು 'ಗಾರ್ಡ್' ಎನ್ನುತ್ತಿದ್ದರು, ರೈಲಿನ ಕೊನೆಯ ಡಬ್ಬಿಯವನ ಹಾಗೆ. ಯಾರೂ ಹಿಂದುಳಿಯದಂತೆ ನೋಡಿಕೊಳ್ಳುವುದು ಅವನ ಕೆಲಸ. ಅವನೇ ಹಿಂದುಳಿದರೆ ನೋಡುವವರು ಯಾರೆಂದು ಹತ್ತೊಂಬತ್ತು ದಿನದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ಸಂಜೆ ಐದಕ್ಕೆ ನಮ್ಮನ್ನ ಬಿಡ್ತೀರಲ್ಲ," ಡಾಕ್ಟರು ಮಂಡಿ ಕೊಡವುತ್ತ ಎದ್ದರು. "ಹೊರಡೋ ಮುಂಚೆ ಎಲ್ಲಾ ಬೈಕಿಂದೂ ಕಿಲೋಮೀಟರ್ ಬರ್ಕೋತೀನಿ. ಇವನದೊಂದು ಬಿಟ್ರೆ ಪುಟ ಅರ್ಧ ಉಳಿಯತ್ತೆ. ನಂಗದು ಆಗಲ್ಲ."

ಐದಕ್ಕೆ ಬಿಡಬೇಕು ಎಂಬುದು ನಿಜ. ನಿನ್ನೆ ಸಂಜೆ ದೊಡ್ಡ ಸಾಹೇಬರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಮರಳಲ್ಲಿ ದಾರಿ ತಪ್ಪಿದ್ದಾನೆ ಎಂದು ವರದಿ ಬರೆದು ಕೈತೊಳೆದುಕೊಳ್ಳಿ, ಮರ್ಯಾದಸ್ಥರನ್ನು ಎಷ್ಟು ದಿನ ಕೂರಿಸಿಕೊಳ್ಳುತ್ತೀರಿ ಎಂದು.

ಇನ್ಸ್‌ಪೆಕ್ಟರಮ್ಮ ಪುಸ್ತಕ ಕಸಿದುಕೊಂಡಳು. ಅಂಗೈ ಅಗಲದ, ಮೂಲೆ ಸವೆದ ಪುಸ್ತಕ. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ನಾಲ್ಕು ಬೈಕುಗಳ ಮೀಟರು ಎಷ್ಟು ತೋರಿಸಿತೆಂದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಗೀಟು ಹಾಕಿ ಬರೆದಿತ್ತು.

"ಇದನ್ನ ಮೂರು ದಿನದಿಂದ ಎಲ್ಲಿ ಇಟ್ಕೊಂಡಿದ್ರಿ?"

"ಬ್ಯಾಗಲ್ಲಿ. ನೀವು ಕೇಳ್ಲಿಲ್ಲ."

ಈ ಮೂರು ದಿನದಲ್ಲಿ ಇದೇ ಮನುಷ್ಯ ಠಾಣೆಯ ಅರ್ಧ ಜನರ ಬಾಯಿ ತೆರೆಸಿ ನೋಡಿದ್ದರು. ದಫೇದಾರನ ದವಡೆ ಹಲ್ಲು ಕೀಳಿಸಲೇಬೇಕೆಂದು ಅವನ ನಿದ್ದೆ ಕೆಡಿಸಿದ್ದರು. ಕೇಳದ್ದನ್ನೆಲ್ಲ ಹೇಳಿದ್ದರು. ಇದೊಂದನ್ನು ಬಿಟ್ಟು.

ಅವಳು ಅಲ್ಲೇ ನಿಂತು ಲೆಕ್ಕ ಹಾಕಿದಳು. ಬೆಟ್ಟದ ಆ ಬದಿಯ ಊರಲ್ಲಿ ಕಡೆಯ ಬಾರಿ ಪೆಟ್ರೋಲ್ ತುಂಬಿಸಿದಾಗ ಗಾರ್ಡ್‌ನ ಮೀಟರು ನಲವತ್ತೊಂದು ಸಾವಿರದ ಮುನ್ನೂರ ಆರು. ಈಗ ನಲವತ್ತೊಂದು ಸಾವಿರದ ನಾನೂರ ಇಪ್ಪತ್ತನಾಲ್ಕು. ಅಂದರೆ ನೂರ ಹದಿನೆಂಟು ಕಿಲೋಮೀಟರ್ ಓಡಿದೆ.

ಪೆಟ್ರೋಲ್ ಬಂಕಿನಿಂದ ಒಂಬತ್ತನೇ ಮೈಲಿಗಲ್ಲಿಗೆ ಎಷ್ಟೆಂದು ದಫೇದಾರನನ್ನು ಕೂಗಿ ಕೇಳಿದಳು. ಅವನು ಕೆನ್ನೆ ಒತ್ತಿ ಹಿಡಿದುಕೊಂಡೇ ಬಂದು, ನೂರ ತೊಂಬತ್ತೆರಡು ಎಂದ. ಮೊದಲ ದಿನ ತಾನೇ ಜೀಪಿನಲ್ಲಿ ಅಳೆದಿದ್ದನಂತೆ.

ಎಪ್ಪತ್ತನಾಲ್ಕು ಕಡಿಮೆ.

"ನೂರ ಹದಿನೆಂಟಕ್ಕೆ ಏನಿದೆ?"

"ಘಾಟಿ ನೆತ್ತಿ ಮೇಡಂ. ಆ ಟೀ ಅಂಗಡಿ. ಇವರೆಲ್ಲ ಮಧ್ಯಾಹ್ನ ಊಟ ಮಾಡಿದ ಜಾಗ."

ಡಾಕ್ಟರು ಬಗ್ಗಿ ಮತ್ತೊಮ್ಮೆ ಮೀಟರು ನೋಡಿದರು.

ಅಂದರೆ ಬೈಕು ಘಾಟಿಯ ನೆತ್ತಿಯಿಂದ ತನ್ನ ಚಕ್ರದ ಮೇಲೆ ಇಳಿದೇ ಇಲ್ಲ. ಅದನ್ನು ಯಾವುದೋ ಗಾಡಿಯಲ್ಲಿ ಹೇರಿ ತಂದು, ಅವಳ ಸರಹದ್ದಿನೊಳಗೆ ನಿಲ್ಲಿಸಿ ಹೋಗಿದ್ದಾರೆ. ಅವಳು ಇಪ್ಪತ್ತು ಜನರನ್ನು ಕಟ್ಟಿಕೊಂಡು ಮೂರು ದಿನ ಮರಳು ಬಗೆದಿದ್ದಾಳೆ, ಮರಳಿಗೆ ಕಾಲೇ ಇಡದ ಮನುಷ್ಯನಿಗಾಗಿ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು ಅವಳಿಗೆ.

ಒಳಗಿನ ಬೆಂಚಿನಿಂದ ಗಾರ್ಡ್‌ನ ಹೆಂಡತಿ ಬಾಗಿಲವರೆಗೆ ಬಂದು ನಿಂತಿದ್ದಳು. ಆಸ್ಪತ್ರೆಯಲ್ಲಿ ನರ್ಸು. ಸುದ್ದಿ ಕೇಳಿ ಒಂದು ದಿನವಿಡೀ ಬಸ್ಸಿನಲ್ಲಿ ಕೂತು ಬಂದವಳು. ಇಲ್ಲಿಯವರೆಗೆ ಅತ್ತಿರಲಿಲ್ಲ. ಎರಡು ಗಂಟೆಗೊಮ್ಮೆ, ರೋಗಿಯ ಜ್ವರ ನೋಡುವವಳ ಹಾಗೆ, ಬಂದು ಏನಾದರೂ ತಿಳಿಯಿತೇ ಎಂದು ಕೇಳಿ ಹೋಗುತ್ತಿದ್ದಳು.

ಅವಳು ಮಾತು ಬಿಟ್ಟಿದ್ದು ತನ್ನ ಸ್ವಂತ ತಮ್ಮನ ಜೊತೆ. ಕನ್ನಡಕದಂಗಡಿ ಇಟ್ಟುಕೊಂಡಿದ್ದ ಆ ತಮ್ಮ ಸಾಲಿನಲ್ಲಿ ಭಾವನ ಮುಂದೆಯೇ ಇದ್ದವನು. ಮರಳುಗಾಡಿನ ಅರ್ಧ ದಾರಿಯವರೆಗೂ ಭಾವನ ಲೈಟು ಕನ್ನಡಿಯಲ್ಲಿ ಕಾಣುತ್ತಲೇ ಇತ್ತೆಂದು ಅವನು ಆಣೆ ಮಾಡುತ್ತಿದ್ದ. ಊರವರ ಕಣ್ಣು ಪರೀಕ್ಷೆ ಮಾಡುವವನಿಗೆ ತನ್ನ ಹಿಂದಿದ್ದವನು ಕಾಣಲಿಲ್ಲವೇ ಎಂದು ಅಕ್ಕ ಒಂದೇ ಮಾತು ಆಡಿ, ಮುಖ ತಿರುಗಿಸಿದ್ದಳು.

ಇನ್ಸ್‌ಪೆಕ್ಟರಮ್ಮ ನೇರ ಪಿಕಪ್ಪಿನ ಹತ್ತಿರ ನಡೆದಳು. ಠಾಣೆಯ ಗೋಡೆಗೆ ಒರಗಿದಂತೆ ನಿಂತಿತ್ತದು. ದಫೇದಾರ ಒಳಗೆ ತೂರಿ ಲೈಟಿನ ಗುಂಡಿ ಒತ್ತಿದ. ಬಲಗಡೆಯದು ಹತ್ತಿತು. ಎಡಗಡೆಯದು ಹತ್ತಲಿಲ್ಲ.

ಒಂದೇ ಲೈಟು. ದೂಳಿನಲ್ಲಿ, ದೂರದಿಂದ, ಕನ್ನಡಿಯೊಳಗೆ ನೋಡಿದವನಿಗೆ ಅದು ಬೈಕಲ್ಲದೆ ಬೇರೇನು ಕಂಡೀತು?

ಅವಳು ಕನ್ನಡಕದಂಗಡಿಯವನನ್ನು ಕರೆದು ತೋರಿಸಿದಳು. ಅವನು ಆ ಲೈಟನ್ನೇ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ, "ಇದನ್ನ ಅಕ್ಕಂಗೆ ನೀವೇ ಹೇಳಿ ಮೇಡಂ. ನಾನ್ ಹೇಳಿದ್ರೆ ನಂಬಲ್ಲ," ಎಂದು ಅಂಗಳದ ಇನ್ನೊಂದು ತುದಿಗೆ ಹೊರಟುಹೋದ.

ಪಿಕಪ್ಪಿನ ಡ್ರೈವರ್ ಠಾಣೆಯಲ್ಲಿರಲಿಲ್ಲ. ಹುಡುಕುವವರ ಜೊತೆ ಮರಳಿನಲ್ಲಿದ್ದ. ಮೂರೂ ದಿನ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ಮರಳುತ್ತಿದ್ದವನು ಅವನೇ. ಎಂಥ ನಿಯತ್ತಿನವನು ಎಂದು ಅವಳೇ ನಿನ್ನೆ ಹೊಗಳಿದ್ದಳು. ಅದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಅವನನ್ನು ಕರೆತರಲು ಜೀಪು ಕಳಿಸಿ, ದೊಡ್ಡ ಸಾಹೇಬರಿಗೆ ಫೋನ್ ಹಚ್ಚಿದಳು. ಮೀಟರಿನ ವಿಷಯ, ಲೈಟಿನ ವಿಷಯ ಎಲ್ಲ ಒಪ್ಪಿಸಿದಳು. ಸಾಹೇಬರು ಸರಿ, ವಿಚಾರಿಸಿ ಎಂದಷ್ಟೇ ಹೇಳಿ ಇಟ್ಟರು. ಬೈಗುಳ ಬರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವೇ ಆಯಿತು.

ಆಗ ಮಧ್ಯಾಹ್ನ ಹನ್ನೆರಡು.

*

ಡ್ರೈವರ್ ಬಂದಾಗ ಮೂರು ಹೊಡೆದಿತ್ತು. ಜೀಪು ಎರಡು ಸಲ ಮರಳಲ್ಲಿ ಹೂತಿತಂತೆ. ಇವತ್ತು ಯಾವುದೂ ನೆಟ್ಟಗೆ ಆಗಬಾರದೆಂದು ಯಾರೋ ಹಟ ಹಿಡಿದ ಹಾಗಿತ್ತು.

ಹಳೇ ಕಡತಗಳನ್ನು ಒಟ್ಟಿದ ಹಿಂದಿನ ಕೋಣೆಯಲ್ಲಿ ಅವನನ್ನು ಕೂರಿಸಿದಳು. ಮೂವತ್ತರ ಆಸುಪಾಸಿನ ಸಣಕಲ. ಬಿಸಿಲಿಗೆ ತುಟಿ ಒಡೆದಿತ್ತು. ಎರಡು ಲೋಟ ನೀರು ಗಟಗಟ ಕುಡಿದ.

ಅವನ ಮೊದಲ ಹೇಳಿಕೆ ಅವಳಿಗೆ ಬಾಯಿಪಾಠವಾಗಿತ್ತು. ಘಾಟಿಯಲ್ಲಿ ಗಾಡಿ ಬಿಸಿಯಾಗಿ ತಡವಾಯಿತು, ಎಲ್ಲರಿಗಿಂತ ಒಂದು ಗಂಟೆ ಹಿಂದೆ ಬಂದೆ, ಒಂಬತ್ತನೇ ಕಲ್ಲಿನ ಹತ್ತಿರ ಗಾರ್ಡ್ ಅಣ್ಣನ ಬೈಕು ಕಂಡಿತು, ಮೂತ್ರಕ್ಕೆ ಆಚೆ ಹೋಗಿರಬೇಕೆಂದು ಮುಂದೆ ಬಂದೆ. ಎಲ್ಲಿಯೂ ಎಳೆ ಬಿಡದ ಹೇಳಿಕೆ.

ಅವಳು ಡಾಕ್ಟರ ಪುಸ್ತಕವನ್ನು ಅವನ ಮುಂದಿಟ್ಟು ಎರಡು ಅಂಕಿಗಳ ಮೇಲೆ ಬೆರಳಿಟ್ಟಳು.

ಅವನು ಮೊದಲು ಮೀಟರು ಕೆಟ್ಟಿರಬಹುದು ಎಂದ. ಆಮೇಲೆ ಡಾಕ್ಟರು ತಪ್ಪು ಬರೆದಿರಬಹುದು ಎಂದ. ಆಗ ಅವಳು ಪಿಕಪ್ಪಿನ ಹಲಗೆಯ ಮೇಲಿನ ಕಪ್ಪು ಗೆರೆಯ ಮಾತೆತ್ತಿದಳು. ಬೈಕಿನ ಟಯರು ಉಜ್ಜಿದ ಗೆರೆ ಅದು. ನಾಲ್ಕರಲ್ಲಿ ಯಾವ ಬೈಕಿನದು ಎಂದು ಹೇಳುವವರು ಊರಿನಲ್ಲಿ ಇದ್ದಾರೆ, ಕರೆಸಲೇ ಎಂದಳು. ಅದು ಅರ್ಧ ಸುಳ್ಳು. ಗೆರೆಯನ್ನು ಮಧ್ಯಾಹ್ನ ಅವಳೇ ಕಂಡಿದ್ದು ನಿಜ, ಆದರೆ ಅಂಥವರು ಯಾರಿದ್ದಾರೆಂದು ಅವಳಿಗೇ ಗೊತ್ತಿರಲಿಲ್ಲ.

ಡ್ರೈವರ್ ತಲೆ ತಗ್ಗಿಸಿದ.

"ಕೊಂದೆಯಾ?"

"ಅಯ್ಯೋ, ಇಲ್ಲಮ್ಮ." ಅವನ ದನಿ ಒಡೆಯಿತು. "ನನ್ನ ಸ್ವಂತ ಅಣ್ಣನ ಥರ ನೋಡ್ಕೊಂಡ್ರು ಅವ್ರು. ದಿನಾ ತಮ್ಮ ತಟ್ಟೇಲೇ ನಂಗೂ ಹಾಕೋರು."

"ಹಾಗಾದ್ರೆ ಬೈಕು ಯಾಕೆ ಹೇರ್ಕೊಂಡು ಬಂದೆ?"

"ಅವರೇ ಹೇಳಿದ್ರು."

ಆಮೇಲೆ ಅವನು ನಿಲ್ಲಿಸದೆ ಹೇಳುತ್ತ ಹೋದ. ಊಟ ಮುಗಿಸಿ ಡಾಕ್ಟರು, ಕನ್ನಡಕದಂಗಡಿಯವನು, ಇನ್ನೊಬ್ಬ ಫೋಟೋ ತೆಗೆಯುವವನು ಹೊರಟರು. ಗಾರ್ಡ್ ಎಂದಿನಂತೆ ಎಲ್ಲರೂ ತಿರುವು ದಾಟಲೆಂದು ಕಾಯುತ್ತಿದ್ದ. ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಇಳಿದವನು ಗಾರ್ಡ್‌ನ ಹೆಗಲ ಮೇಲೆ ಕೈ ಹಾಕಿ ಆಚೆ ಕರೆದುಕೊಂಡು ಹೋಗಿ ಮಾತಾಡಿದ. ಗಾರ್ಡ್ ನಗುನಗುತ್ತಲೇ ವಾಪಸು ಬಂದು, ಬೈಕಿನಿಂದ ತನ್ನ ಸಾಮಾನಿನ ಚೀಲ ಬಿಚ್ಚಿಕೊಂಡ.

ಇಲ್ಲೇ ಹತ್ತಿರ ಒಂದು ಲಿಫ್ಟು ನಡುವೆ ಸಿಕ್ಕಿಕೊಂಡಿದೆಯಂತೆ, ಅರ್ಧ ಗಂಟೆ ಕೆಲಸ. ಬೈಕನ್ನು ನೀನು ಹೇರಿಕೊಂಡು ಹೋಗಿ ಒಂಬತ್ತನೇ ಕಲ್ಲಿನ ಹತ್ತಿರ ನಿಲ್ಲಿಸಿರು. ಇವರು ಒಳದಾರಿಯಲ್ಲಿ ಜೀಪಿನಲ್ಲೇ ಅಲ್ಲಿಗೆ ಬಿಡುತ್ತಾರೆ, ಸಾಲಿಗೆ ಸೇರಿಕೊಳ್ಳುತ್ತೇನೆ. ಹೀಗೆ ಗಾರ್ಡ್ ಹೇಳಿದನಂತೆ.

"ಬೇರೆಯವ್ರಿಗೆ ಯಾಕೆ ತಿಳಿಸ್ಲಿಲ್ಲ?"

"ಹೇಳ್ಬೇಡ ಅಂದ್ರು. 'ಗಾರ್ಡು ಡಬ್ಬಿ ಬಿಟ್ಟು ಇಳಿದ ಅಂತ ಜನ್ಮವಿಡೀ ಆಡ್ಕೋತಾರೆ ಕಣೋ' ಅಂತ ನಕ್ರು." ಅವನು ಮೊಣಕೈಗೆ ಮುಖ ಒರೆಸಿಕೊಂಡ. "ನಾನು ಅಲ್ಲಿ ಬೈಕಿಳಿಸಿ ಮುಕ್ಕಾಲು ಗಂಟೆ ಕಾದೆ. ಬರ್ಲಿಲ್ಲ. ಬರ್ತಾರೆ ಬಿಡು ಅಂತ ಹೊರಟೆ."

ಇನ್ಸ್‌ಪೆಕ್ಟರಮ್ಮನಿಗೆ ಎದುರಿನ ಮೇಜನ್ನು ಎತ್ತಿ ಎಸೆಯಬೇಕೆನಿಸಿತು. ಮೂರು ದಿನ. ಈ ಮಾತನ್ನು ಮೊದಲ ದಿನ ಆಡಿದ್ದರೆ ಆಗುತ್ತಿತ್ತು.

"ಮತ್ತೆ ಬಾಯಿಗೆ ಬೀಗ ಯಾಕೆ ಹಾಕ್ಕೊಂಡೆ? ಮರಳಲ್ಲಿ ಯಾರನ್ನ ಹುಡುಕ್ತಿದ್ದೆ?"

"ಅವ್ರು ಜೀಪಲ್ಲಿ ಬಂದು ಅಲ್ಲೆಲ್ಲೋ ಇಳಿದಿರ್ಬಹುದು ಅಂತ ನಂಬ್ಕೊಂಡೇ ಹುಡುಕ್ದೆ ಅಮ್ಮ. ದೇವ್ರಾಣೆ." ಅವನು ಬಾಗಿಲ ಕಡೆ ನೋಡಿದ. "ಹೇಳೋಕೆ ಧೈರ್ಯ ಬರ್ಲಿಲ್ಲ. ಬೈಕು ಎತ್ತೋಕೆ ನಂಗೊಬ್ಬಂಗೇ ಆಗತ್ತಾ? ಇನ್ನೊಂದು ಕಡೆ ಹಿಡಿದಿದ್ದೇ ಜೀಪಿನವ್ರು."

"ಯಾರು ಆ ಜೀಪಿನವ್ರು?"

"ಪೊಲೀಸ್ನೋರಮ್ಮ. ಖಾಕಿ ಹಾಕಿದ್ರು. ಜೀಪಿನ ಮೇಲೆ ಬೆಟ್ಟದ ಠಾಣೆ ಅಂತ ಬರೆದಿತ್ತು."

ಕೋಣೆಯಲ್ಲಿ ಹಳೆಯ ಕಾಗದದ ವಾಸನೆ ಇದ್ದಕ್ಕಿದ್ದಂತೆ ಹೆಚ್ಚಾದ ಹಾಗಾಯಿತು.

ಬೆಟ್ಟದ ಠಾಣೆ ಅವಳಿಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವರ್ಷ ಅಲ್ಲೇ ಸವೆಸಿದ್ದಳು. ಆ ನೆತ್ತಿಯ ಒಂದೊಂದು ಮನೆ, ಒಂದೊಂದು ಅಂಗಡಿ ಅವಳಿಗೆ ಗೊತ್ತು. ಎಲ್ಲ ಕಲ್ಲಿನ ಕುಳ್ಳ ಮನೆಗಳು. ಗಾಳಿಯ ಹೊಡೆತಕ್ಕೆ ಯಾರೂ ಮೇಲೆ ಕಟ್ಟುವ ಸಾಹಸ ಮಾಡುವುದಿಲ್ಲ.

ಆ ಬೆಟ್ಟದ ಮೇಲೆ ಎರಡಂತಸ್ತಿನ ಕಟ್ಟಡವೇ ಇಲ್ಲ. ಇನ್ನು ಲಿಫ್ಟು ಎಲ್ಲಿಂದ ಬರಬೇಕು?

ಅವಳು ಇದನ್ನು ಯೋಚಿಸಿ ಮುಗಿಸಿರಲಿಲ್ಲ, ದಫೇದಾರ ಬಾಗಿಲಲ್ಲಿ ತಲೆ ಹಾಕಿದ. ಹಲ್ಲು ನೋವು ಮರೆತ ಮುಖ.

"ಮೇಡಂ, ಬೆಟ್ಟದ ಠಾಣೆ ಇನ್ಸ್‌ಪೆಕ್ಟರು ಬಂದಿದಾರೆ. ಕಾಗದ ತಂದಿದಾರಂತೆ."

*

ಬಂದವನು ಅವಳ ಕುರ್ಚಿಯಲ್ಲಿ ಕೂರಲಿಲ್ಲ. ಅಷ್ಟರ ಮಟ್ಟಿಗೆ ಸಭ್ಯ. ಎದುರಿನ ಕುರ್ಚಿಯಲ್ಲಿ ಕೂತು, ದಾರಿಯ ದೂಳಿನ ಬಗ್ಗೆ ಎರಡು ಮಾತಾಡಿ, ಮಡಿಸಿದ ಕಾಗದ ಮುಂದಿಟ್ಟ. ನಲವತ್ತೈದರ, ತೊಳೆದಿಟ್ಟಂಥ ಮುಖದ ಮನುಷ್ಯ.

ಕಾಗದದಲ್ಲಿ ದೊಡ್ಡ ಸಾಹೇಬರ ಸಹಿ. ಗಾರ್ಡ್ ಕಾಣೆಯಾದದ್ದು ಬೆಟ್ಟದ ಠಾಣೆಯ ಸರಹದ್ದಿನಲ್ಲಿ ಎಂದು ಈಗ ತಿಳಿದುಬಂದಿರುವುದರಿಂದ ಕಡತ, ಬೈಕು ಮತ್ತು ಪಿಕಪ್ಪಿನ ಡ್ರೈವರನ್ನು ಪತ್ರ ತಂದವರಿಗೆ ಒಪ್ಪಿಸತಕ್ಕದ್ದು.

ಹನ್ನೆರಡಕ್ಕೆ ತಾನೇ ಫೋನ್ ಮಾಡಿ ಹೇಳಿದ್ದಳು. ನಾಲ್ಕಕ್ಕೆ ಇವನು ಬಂದು ಕೂತಿದ್ದಾನೆ. ನಿಜವನ್ನು ಪತ್ತೆ ಹಚ್ಚಿದ್ದರ ಬಹುಮಾನವಾಗಿ ಕೇಸೇ ಕೈಜಾರುತ್ತಿದೆ, ಅದೂ ಯಾರ ಜೀಪಿನಲ್ಲಿ ಗಾರ್ಡ್ ಹೋದನೋ ಅವರದೇ ಕೈಗೆ. ಕಾಗದದಲ್ಲಿ ಒಂದು ಅಕ್ಷರ ತಪ್ಪಿಲ್ಲ, ಒಂದು ಮುದ್ರೆ ಮಸುಕಾಗಿಲ್ಲ. ತಕರಾರು ತೆಗೆಯಲು ಉಗುರೂ ತೂರದ ಹಾಗಿತ್ತು.

ಬೆಳಕಿರುವಾಗಲೇ ಘಾಟಿ ಹತ್ತಬೇಕು, ಡ್ರೈವರನ್ನು ಬೇಗ ಕಳಿಸಿ ಎಂದ ಅವನು.

"ಕೊಡೋಕಾಗಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ. ಬಾಯಿಂದ ಬಂದ ಮೇಲೆ ಕಾರಣ ಹುಡುಕಿದಳು. "ಪೊಲೀಸರ ಮುಂದೆ ಸುಳ್ಳು ಹೇಳಿಕೆ ಕೊಟ್ಟಿದಾನೆ. ನನ್ನ ಠಾಣೇಲಿ, ನನ್ನ ಸರಹದ್ದಲ್ಲಿ. ಈಗಷ್ಟೆ ದಸ್ತಗಿರಿ ಮಾಡಿದೀನಿ. ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸ್ಬೇಕು. ಆಮೇಲೆ ಅವರು ಹೇಳಿದವರಿಗೆ ಕೊಡ್ತೀನಿ."

ದಫೇದಾರ ಒಂದು ಕ್ಷಣ ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ದಸ್ತಗಿರಿಯ ವಹಿ ತೆಗೆದು, ಬಂದವನಿಗೆ ಬೆನ್ನು ಮಾಡಿ ನಿಂತು ಸರಸರ ಬರೆಯತೊಡಗಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಇಷ್ಟು ಬೇಗ ಬರೆದದ್ದನ್ನು ಯಾರೂ ನೋಡಿರಲಿಲ್ಲ.

ಬೆಟ್ಟದ ಇನ್ಸ್‌ಪೆಕ್ಟರು ಸಿಟ್ಟಾಗಲಿಲ್ಲ. ಬೇಸರದಿಂದ ನಿಟ್ಟುಸಿರು ಬಿಟ್ಟು ಜೇಬಿನಿಂದ ಫೋನ್ ತೆಗೆದ. ಒಂದು ನಂಬರು ಒತ್ತಿ, ಆ ಕಡೆ ಎತ್ತುವವರೆಗೆ ಕಾದು, ಮೇಜಿನ ಮೇಲಿಂದ ಅವಳತ್ತ ಚಾಚಿದ.

ದೊಡ್ಡ ಸಾಹೇಬರೆಂದೇ ಅವಳು ತಿಳಿದಳು. ಬೈಗುಳಕ್ಕೆ ಸಿದ್ಧಳಾಗಿ ಕಿವಿಗಿಟ್ಟುಕೊಂಡಳು.

ಆಚೆ ಯಾರೋ ಏದುಸಿರು ಬಿಡುತ್ತಿದ್ದರು. ಬಾವಿಯ ತಳದಿಂದ ಮಾತಾಡಿದ ಹಾಗೆ ದನಿ ಗುಂಯ್‌ಗುಡುತ್ತಿತ್ತು.

"ಮೇಡಂ, ನಾನು ಗಾರ್ಡ್ ಮಾತಾಡ್ತಿರೋದು. ಲಿಫ್ಟಿನ ಗುಂಡಿ ಒಳಗಿದೀನಿ. ಡ್ರೈವರ್ನ ಇವರ ಜೊತೆ ಕಳಿಸಿಬಿಡಿ. ಇಲ್ದಿದ್ರೆ ನನ್ನ ಮೇಲೆತ್ತಲ್ಲಂತೆ."

ಹಾಗಾದರೆ ಆ ಲಿಫ್ಟು ಮೇಲೇರುವುದಲ್ಲ, ಬೆಟ್ಟದೊಳಕ್ಕೆ ಇಳಿಯುವುದು. ಎದುರಿಗಿದ್ದವನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದ, ತನಗೂ ಇದಕ್ಕೂ ಏನೂ ಸಂಬಂಧವಿಲ್ಲವೆಂಬಂತೆ.

ಒಬ್ಬನ ಜೀವಕ್ಕೆ ಇನ್ನೊಬ್ಬನನ್ನು ಕೇಳುತ್ತಿದ್ದಾರೆ. ಕಳಿಸಿದರೆ ಡ್ರೈವರ್ ಘಾಟಿ ದಾಟುವುದಿಲ್ಲ. ಕಳಿಸದಿದ್ದರೆ ಗುಂಡಿಯೊಳಗಿನವನು ಮೇಲೆ ಬರುವುದಿಲ್ಲ. ಮೂರು ದಿನ ದಣಿದ ತಲೆಗೆ ಮೂರನೆಯ ದಾರಿ ಕಾಣಲಿಲ್ಲ.

ಅವಳು ಗಾರ್ಡ್‌ನನ್ನು ಕಂಡವಳೂ ಅಲ್ಲ, ಅವನ ದನಿ ಕೇಳಿದವಳೂ ಅಲ್ಲ. ಬಲ್ಲವಳು ಆರು ಹೆಜ್ಜೆ ಆಚೆ ಬೆಂಚಿನ ಮೇಲೆ ಕೂತಿದ್ದಳು.

ಎದುರಿನವನು ಬೇಡವೆಂದು ಕೈ ಎತ್ತುವಷ್ಟರಲ್ಲಿ ಇನ್ಸ್‌ಪೆಕ್ಟರಮ್ಮ ಎದ್ದು ಹೋಗಿ ಫೋನನ್ನು ಅವಳ ಕಿವಿಗೆ ಒತ್ತಿದಳು. ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಮಾತಾಡಿ ಎಂದಳು.

"ರೀ," ಎಂದಳು ನರ್ಸು. ಮೂರು ದಿನದಿಂದ ತಡೆದಿಟ್ಟದ್ದೆಲ್ಲ ಆ ಒಂದು ಅಕ್ಷರದಲ್ಲಿತ್ತು.

ಆ ಕಡೆಯಿಂದ ಉತ್ತರ ಬಂತು. ಅವಳು ಕೇಳಿಸಿಕೊಂಡಳು. ಕಣ್ಣಲ್ಲಿ ತುಂಬಿದ ನೀರು ಹಾಗೇ ನಿಂತಿತು, ಹುಬ್ಬು ಗಂಟಿಕ್ಕಿತು. ಇನ್ನೊಮ್ಮೆ ಕೇಳಿದಳು. ಆಮೇಲೆ ಫೋನನ್ನು ಮೆಲ್ಲಗೆ ಕೆಳಗಿಳಿಸಿದಳು.

"ಯಾರಿದು ಮೇಡಂ?" ಎಂದಳು. "ಇದು ನಮ್ಮನೆಯವ್ರ ದನಿ ಅಲ್ಲ."

ಹಿಂದೆ ಕುರ್ಚಿ ಉರುಳಿದ ಸದ್ದಾಯಿತು. ಬೆಟ್ಟದ ಇನ್ಸ್‌ಪೆಕ್ಟರು ಎದ್ದು ನಿಂತಿದ್ದ. ಇಷ್ಟು ಹೊತ್ತು ತೊಳೆದಿಟ್ಟಂತಿದ್ದ ಮುಖ ಬಿಳುಚಿಕೊಂಡಿತ್ತು. ಅದು ನಟನೆಯಲ್ಲವೆಂದು ಇನ್ಸ್‌ಪೆಕ್ಟರಮ್ಮನಿಗೆ ನೋಡಿದ ಕೂಡಲೇ ಗೊತ್ತಾಯಿತು. ಗುಂಡಿಯಿಂದ ಮಾತಾಡುತ್ತಿರುವವನು ಗಾರ್ಡ್ ಎಂದೇ ಅವನೂ ನಂಬಿದ್ದ.

ಅವನು ದಾಪುಗಾಲು ಹಾಕಿ ಬಂದು ಫೋನ್ ಕಿತ್ತುಕೊಂಡ.

"ಯಾರೋ ನೀನು?" ಎಂದು ಕೇಳಿದ. ಮತ್ತೆ ಕೇಳಿದ.

ಆ ಕಡೆ ಯಾರೂ ಮಾತಾಡಲಿಲ್ಲ. ಕರೆ ಮಾತ್ರ ಕಡಿದಿರಲಿಲ್ಲ.